ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯೂ ಭೂದಾಖಲೆಯೂ: ಸೊಕ್ಕೆ ಹೋಬಳಿಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

೧. ವಿಷಯಪ್ರವೇಶ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಸೊಕ್ಕೆಯೆಂಬುದು ಒಂದು ಹೋಬಳಿಯ ಮುಖ್ಯಸ್ಥಳವಾಗಿದೆ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಹುಟ್ಟುವ ತನಕ ಈ ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದಿತು. ಮಳೆ ಕಡಮೆಯಾದ ಈ ಸೀಮೆಯಲ್ಲಿ ಬೇಸಾಯಗಾರನಿಗೆ ಬೆಳೆಸಾಲ ದೊರೆಯಬೇಕಾದರೂ, ಬರದ ವರ್ಷ ಪರಿಹಾರ ಬರಬೇಕಾದರೂ, ಅಣ್ಣತಮ್ಮಂದಿರ ಪಾಲು ಇತ್ಯರ್ಥವಾಗಬೇಕಾದರೂ ಬೇಕಾಗುವ ಪತ್ರವು ಒಂದೇ, ಅದು ಪಹಣಿ. ಹಕ್ಕು, ಗೇಣಿ, ಬೆಳೆ ಈ ಮೂರರ ವಿವರಗಳನ್ನೂ ಒಳಗೊಂಡ ಈ ಪತ್ರವನ್ನು ಒಂದು ಕಾಲದಲ್ಲಿ ಶಾನುಭೋಗನು ಕೈಯಿಂದ ಬರೆಯುತ್ತಿದ್ದನು. ಈಗ ಅದನ್ನು ಗಣಕಯಂತ್ರವು ಮುದ್ರಿಸಿ ಕೊಡುತ್ತದೆ. ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯು ಒಂದೊಂದು ತಾಲ್ಲೂಕಿಗೆ ಕಾಲಿಟ್ಟಂತೆಲ್ಲ ಅಲ್ಲಿ ಕೈಬರಹದ ಪಹಣಿಯ ಮಾನ್ಯತೆಯು ರದ್ದಾಯಿತು. ಅಂದಿನಿಂದ, ಯಂತ್ರದಲ್ಲಿ ಇರುವುದು ಉಂಟು, ಇಲ್ಲದುದು ಇಲ್ಲ ಎಂಬುದೇ ವ್ಯವಹಾರದಲ್ಲಿ ನಿಂತ ಮಾತಾಗಿದೆ.

ಹೀಗಿರಲು, ಆ ಯಂತ್ರದ ಒಳಗೆ ಅಕ್ಷರಗಳನ್ನು ಯಾರು ಕಾಯುತ್ತಾರೆ, ಯಾರು ಹಂಚುತ್ತಾರೆ, ಒಬ್ಬರ ಬರೆಹದ ಮೇಲೆ ಮತ್ತೊಬ್ಬರು ಬರೆಯದಂತೆ ಯಾರು ತಡೆಯುತ್ತಾರೆ ಎಂಬ ಪ್ರಶ್ನೆಯು ಯಂತ್ರಶಿಲ್ಪಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಲಿಪಿ, ದಾಖಲೆ, ಪಾಠಶುದ್ಧಿ ಇವುಗಳಲ್ಲಿ ಆಸಕ್ತರಾದ ಎಲ್ಲರಿಗೂ ಸಂಬಂಧಿಸಿದುದು. ಆ ಕಾವಲಿನ, ಹಂಚಿಕೆಯ, ತಡೆಯ ಕೆಲಸವನ್ನು ಮಾಡತಕ್ಕ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್, ಎಂದರೆ ಕಾರ್ಯಾಚರಣ ವ್ಯವಸ್ಥೆ, ಎಂದು ಹೆಸರು. ಅದರ ಉತ್ಪತ್ತಿಯನ್ನೂ ಮುಖ್ಯ ಕಾರ್ಯಗಳನ್ನೂ, ಅದರಲ್ಲಿ ಕನ್ನಡ ಲಿಪಿಗೆ ಸ್ಥಾನ ದೊರೆತ ಬಗೆಯನ್ನೂ, ಅದರ ಸಾಮರ್ಥ್ಯದ ಎಲ್ಲೆಯನ್ನೂ ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

೨. ಹಿಂದಿನ ದಾಖಲೆಯ ಪದ್ಧತಿ

ಭೂಮಿಯ ಲೆಕ್ಕವನ್ನು ಬರೆದಿಡುವುದೂ, ಬರೆದುದನ್ನು ಕಾಯುವುದೂ ನಮ್ಮ ದೇಶದಲ್ಲಿ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಅಧ್ಯಕ್ಷಪ್ರಚಾರವೆಂಬ ಎರಡನೆಯ ಅಧಿಕರಣದಲ್ಲಿ ಅಕ್ಷಪಟಲದ, ಎಂದರೆ ಲೆಕ್ಕಪತ್ರಗಳ ಕಾರ್ಯಾಲಯದ, ವಿಚಾರವು ವಿಸ್ತಾರವಾಗಿ ಬಂದಿದೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಆ ಗ್ರಂಥವನ್ನು ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದರೆಂಬುದು ಸರ್ವವಿದಿತ. ಅಲ್ಲಿ ನಿಬಂಧಪುಸ್ತಕಗಳಿಗೆ ಸ್ಥಾನವನ್ನು ಏರ್ಪಡಿಸುವುದರಿಂದ ಹಿಡಿದು, ಲೆಕ್ಕವನ್ನು ತಪ್ಪು ಬರೆದವನಿಗೆ ದಂಡವನ್ನು ವಿಧಿಸುವವರೆಗೆ ನಿಯಮಗಳುಂಟು. ಬಿ. ಎಲ್. ರೈಸರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ೧೧ನೆಯ ಸಂಪುಟದಲ್ಲಿ ಚಿತ್ರದುರ್ಗ ಜಿಲ್ಲೆಯ ಶಾಸನಗಳು ಸೇರಿವೆ. ಜಗಳೂರು ಸೀಮೆಯವೂ ಅವುಗಳಲ್ಲಿವೆ. ಕನ್ನಡನಾಡಿನ ದಾನಶಾಸನಗಳ ರೂಢಿಯು ತಿಳಿದೇ ಇದೆ: ಮೊದಲು ದಾನಿಯ ಹೆಸರು, ಬಳಿಕ ಪಡೆದವನ ಹೆಸರು, ಆಮೇಲೆ ಭೂಮಿಯ ಎಲ್ಲೆಗಳು, ಕಡೆಯಲ್ಲಿ ದಾನವನ್ನು ಅಪಹರಿಸಿದವನಿಗೆ ಶಾಪ. ಬರೆಹವನ್ನು ಕಾಯಲು ಅಲ್ಲಿ ಎರಡು ಉಪಾಯಗಳಿದ್ದುವು. ಒಂದು ಕಲ್ಲಿನ ಗಟ್ಟಿತನ. ಇನ್ನೊಂದು ಪಾಪದ ಭಯ.

ಮುಂದೆ ಕಲ್ಲಿನ ಸ್ಥಾನಕ್ಕೆ ಕಡತವೂ ಕಾಗದದ ಪುಸ್ತಕವೂ ಬಂದಾಗ, ಕಾಯುವ ಹೊಣೆಯು ಒಬ್ಬ ಮನುಷ್ಯನ ಮೇಲೆ ಬಿದ್ದಿತು. ಆತನೇ ಶಾನುಭೋಗ. ವಂಶಪರಂಪರೆಯಾಗಿ ಬಂದ ಈ ಹುದ್ದೆಯನ್ನು ೧೯೬೧ರ ಗ್ರಾಮಾಧಿಕಾರ ರದ್ದತಿಯ ಕಾಯಿದೆಯು ತೆಗೆದುಹಾಕಿತು. ಅದು ೧೯೬೩ರಲ್ಲಿ ಜಾರಿಗೆ ಬಂದಿತು. ಅನಂತರ ಸಂಬಳದ ಗ್ರಾಮಲೆಕ್ಕಿಗರು ನೇಮಕವಾದರು. ಇಡೀ ರಾಜ್ಯದಲ್ಲಿ ಸುಮಾರು ೯,೦೦೦ ಗ್ರಾಮಲೆಕ್ಕಿಗರು ಈ ಪುಸ್ತಕಗಳನ್ನು ಇಟ್ಟುಕೊಂಡಿದ್ದರು. ಹಕ್ಕಿನ ಬದಲಾವಣೆಯನ್ನು ಇಂದು ಬರೆಯಬೇಕೆ ನಾಳೆ ಬರೆಯಬೇಕೆ, ಯಾರದನ್ನು ಮೊದಲು ತೆಗೆದುಕೊಳ್ಳಬೇಕು, ನಕಲನ್ನು ಎಂದು ಕೊಡಬೇಕು ಎಂಬುದೆಲ್ಲ ವಸ್ತುತಃ ಪುಸ್ತಕವು ಯಾರ ಕೈಯಲ್ಲಿದ್ದಿತೋ ಅವರ ಇಚ್ಛೆಗೆ ಒಳಪಟ್ಟಿದ್ದಿತು. ಆ ಪದ್ಧತಿಯ ಗುಣವೂ ದೋಷವೂ ಇದೊಂದರಿಂದಲೇ ಹುಟ್ಟಿದುವು. ಹೊಲವನ್ನು ಕಣ್ಣಾರೆ ಬಲ್ಲವನು ಲೆಕ್ಕವನ್ನು ಬರೆಯುತ್ತಿದ್ದನೆಂಬುದು ಗುಣ. ಅವನನ್ನು ಮೀರಿ ರೈತನಿಗೆ ದಾರಿಯಿರಲಿಲ್ಲವೆಂಬುದು ದೋಷ.

೩. ಕಾರ್ಯಾಚರಣ ವ್ಯವಸ್ಥೆಯ ಉತ್ಪತ್ತಿ

ಮೊದಮೊದಲಿನ ಗಣಕಯಂತ್ರಗಳಲ್ಲಿ ಇಂತಹ ವ್ಯವಸ್ಥೆಯೇ ಇರಲಿಲ್ಲ. ಕ್ರಿ. ಶ. ೧೯೫೦ರ ಸುಮಾರಿನಲ್ಲಿ ಒಬ್ಬ ಗಣಿತಜ್ಞನು ತನಗೆ ಗೊತ್ತುಮಾಡಿದ ಹೊತ್ತಿನಲ್ಲಿ ಬಂದು, ರಂಧ್ರಗಳುಳ್ಳ ಕಾಗದದ ಪಟ್ಟಿಯನ್ನೋ ಕಾರ್ಡುಗಳನ್ನೋ ತಾನೇ ಯಂತ್ರಕ್ಕೆ ಉಣಿಸಿ, ಉತ್ತರವನ್ನು ಪಡೆದು ಹೊರಟುಹೋಗುತ್ತಿದ್ದನು. ಒಬ್ಬನು ಹೋಗಿ ಮತ್ತೊಬ್ಬನು ಬರುವ ನಡುವೆ ಬಹು ಬೆಲೆಯ ಯಂತ್ರವು ಸುಮ್ಮನೆ ನಿಂತಿರುತ್ತಿತ್ತು. ಈ ನಷ್ಟವನ್ನು ತಪ್ಪಿಸಲು ೧೯೫೬ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳವರು ಐಬಿಎಂ ೭೦೪ ಎಂಬ ಯಂತ್ರಕ್ಕೆ ಒಂದು ಮೇಲ್ವಿಚಾರಕ ತಂತ್ರಾಂಶವನ್ನು ರಚಿಸಿದರು. ಒಂದು ಕೆಲಸವು ಮುಗಿದೊಡನೆ ಸಾಲಿನಲ್ಲಿರುವ ಮುಂದಿನ ಕೆಲಸವನ್ನು ತಾನಾಗಿಯೇ ತೊಡಗಿಸುವುದು ಅದರ ಕಾರ್ಯ. ನಿಜವಾದ ಬಳಕೆಗೆ ಬಂದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಇದನ್ನೇ ಮೊದಲನೆಯದೆಂದು ಎಣಿಸುವುದು ವಾಡಿಕೆ.

ಎರಡನೆಯ ಹೆಜ್ಜೆಯು ೧೯೬೧ರದು. ಆ ವರ್ಷದ ನವೆಂಬರಿನಲ್ಲಿ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಎಂಬವರು ಕಾಲವಿಭಾಗ ಪದ್ಧತಿಯನ್ನು ಮಾಡಿ ತೋರಿಸಿದರು. ಯಂತ್ರದ ಕಾಲವನ್ನು ಅತಿ ಸಣ್ಣ ತುಣುಕುಗಳಾಗಿ ಕತ್ತರಿಸಿ, ಒಬ್ಬೊಬ್ಬರಿಗೂ ಸರದಿಯಂತೆ ಒಂದೊಂದು ತುಣುಕನ್ನು ಕೊಡುತ್ತ ಹೋದರೆ, ಪ್ರತಿಯೊಬ್ಬನಿಗೂ ಯಂತ್ರವೆಲ್ಲ ತನ್ನದೇ ಎಂಬ ಭಾವನೆಯುಂಟಾಗುತ್ತದೆ. ಮರುವರ್ಷ, ೧೯೬೨ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರದಲ್ಲಿ ಮತ್ತೊಂದು ಉಪಾಯವು ಕೈಗೂಡಿತು. ಒಳಗಿನ ಸ್ಮೃತಿಯು ಚಿಕ್ಕದಾಗಿದ್ದರೂ ಹೊರಗಿನ ಸಂಗ್ರಹದ ಸಹಾಯದಿಂದ ದೊಡ್ಡದೆಂಬಂತೆ ತೋರಿಸುವ ಈ ಉಪಾಯಕ್ಕೆ ಮಿಥ್ಯಾಸ್ಮೃತಿ ಎಂದೂ ಹೇಳಬಹುದು. ಇಂದಿನ ಎಲ್ಲ ಯಂತ್ರಗಳಲ್ಲಿಯೂ ಈ ಎರಡು ಉಪಾಯಗಳೂ ನೆಲೆಸಿವೆ.

೧೯೬೪ರಲ್ಲಿ ಐಬಿಎಂ ಸಂಸ್ಥೆಯು ಘೋಷಿಸಿದ ಓಎಸ್/೩೬೦ ಎಂಬ ವ್ಯವಸ್ಥೆಯು, ಚಿಕ್ಕದು ದೊಡ್ಡದು ಎನ್ನದೆ ಒಂದು ಕುಟುಂಬದ ಯಂತ್ರಗಳಿಗೆಲ್ಲ ಒಂದೇ ತಂತ್ರಾಂಶವನ್ನು ಒದಗಿಸಲು ಹೊರಟಿತು. ಅದರ ರಚನೆಯಲ್ಲಿ ಉಂಟಾದ ವಿಳಂಬವನ್ನೂ ತೊಡಕನ್ನೂ ಅದರ ನಾಯಕರಾದ ಫ್ರೆಡ್ ಬ್ರೂಕ್ಸರು ೧೯೭೫ರಲ್ಲಿ ಒಂದು ಗ್ರಂಥವಾಗಿಯೇ ಬರೆದರು. ತಡವಾದ ಕೆಲಸಕ್ಕೆ ಜನರನ್ನು ಹೆಚ್ಚಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂಬುದು ಅವರ ಸಿದ್ಧಾಂತಗಳಲ್ಲಿ ಪ್ರಸಿದ್ಧವಾದುದು. ಈ ಭಾರಕ್ಕೆ ಪ್ರತಿಯಾಗಿ ಲಾಘವವನ್ನು ಹುಡುಕಿದವರು ಬೆಲ್ ಪ್ರಯೋಗಾಲಯದ ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ. ೧೯೬೯ರಲ್ಲಿ ಅವರು ತೊಡಗಿದ ಯೂನಿಕ್ಸ್ ಎಂಬ ವ್ಯವಸ್ಥೆಯು ೧೯೭೩ರಲ್ಲಿ ಸಿ ಎಂಬ ಭಾಷೆಯಲ್ಲಿ ಪುನಃ ಬರೆಯಲ್ಪಟ್ಟು, ಒಂದು ಯಂತ್ರದಿಂದ ಇನ್ನೊಂದಕ್ಕೆ ಸುಲಭವಾಗಿ ಸಾಗುವಂತಾಯಿತು. ಅರ್ಧಮಾತ್ರೆಯ ಉಳಿತಾಯಕ್ಕೂ ಸಂತೋಷಪಡುವ ವೈಯಾಕರಣರಿಗೆ ಈ ಸಂಪ್ರದಾಯವು ಪ್ರಿಯವಾಗದೆ ಇರದು.

ಮುಂದಿನ ಇತಿಹಾಸವು ಹತ್ತಿರದ್ದು. ೧೯೮೧ರಲ್ಲಿ ಐಬಿಎಂನ ಸ್ವಂತ ಬಳಕೆಯ ಯಂತ್ರದೊಡನೆ ಮೈಕ್ರೋಸಾಫ್ಟ್ ಸಂಸ್ಥೆಯ ಡಾಸ್ ಬಂದಿತು. ೧೯೮೪ರಲ್ಲಿ ಚಿತ್ರಗಳ ಮೂಲಕ ವ್ಯವಹರಿಸುವ ಮ್ಯಾಕಿಂಟಾಷ್, ೧೯೮೫ರಲ್ಲಿ ವಿಂಡೋಸ್ ಬಂದುವು. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸನು ಲಿನಕ್ಸ್ ಎಂಬ ತಿರುಳನ್ನು ರಚಿಸಿ ಎಲ್ಲರಿಗೂ ತೆರೆದಿಟ್ಟನು. ಇಂದು ಜೇಬಿನಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ಒಳಗಿರುವುದೂ ಆ ತಿರುಳೇ.

೪. ಅದರ ಮುಖ್ಯ ಕಾರ್ಯಗಳು

ಕಾರ್ಯಾಚರಣ ವ್ಯವಸ್ಥೆಯು ಏತಕ್ಕೆ ಬೇಕು ಎಂಬುದನ್ನು ಮೀಮಾಂಸಾಶಾಸ್ತ್ರದ ಒಂದು ಪರಿಭಾಷೆಯಿಂದ ಚೆನ್ನಾಗಿ ತಿಳಿಯಬಹುದು. ಅನೇಕ ಪ್ರಧಾನ ಕರ್ಮಗಳಿಗೆ ಒಂದೇ ಅಂಗವು ಉಪಕಾರಕವಾಗುವುದಾದರೆ ಅದನ್ನು ಒಮ್ಮೆ ಮಾಡಿದರೆ ಸಾಕು. ಇದಕ್ಕೆ ತಂತ್ರವೆಂದು ಹೆಸರು. ಪ್ರತಿ ಪ್ರಧಾನಕ್ಕೂ ಬೇರೆಬೇರೆಯಾಗಿ ಮಾಡಬೇಕಾದರೆ ಅದು ಆವಾಪ. ಜೈಮಿನಿಯ ೧೧ನೆಯ ಅಧ್ಯಾಯವೆಲ್ಲ ಈ ವಿಚಾರಕ್ಕೆ ಮೀಸಲಾಗಿದೆ. ಪಹಣಿಯ ತಂತ್ರಾಂಶಕ್ಕೂ, ಜಾತಿ ಆದಾಯ ಪ್ರಮಾಣಪತ್ರದ ತಂತ್ರಾಂಶಕ್ಕೂ, ಪತ್ರ ಬರೆಯುವ ತಂತ್ರಾಂಶಕ್ಕೂ ಮುದ್ರಣಯಂತ್ರವನ್ನು ನಡೆಸುವ ವಿಧಾನವು ಬೇಕೇಬೇಕು. ಪ್ರತಿಯೊಂದೂ ಅದನ್ನು ತಾನೇ ಬರೆದುಕೊಂಡರೆ ಆವಾಪವಾಗುತ್ತದೆ. ಒಂದು ಕಡೆ ಬರೆದಿಟ್ಟು ಎಲ್ಲವೂ ಬಳಸಿಕೊಂಡರೆ ತಂತ್ರವಾಗುತ್ತದೆ. ತಂತ್ರಾಂಶವೆಂಬ ಇಂದಿನ ಕನ್ನಡ ಶಬ್ದವನ್ನು ಕಲ್ಪಿಸಿದವರ ಮನಸ್ಸಿನಲ್ಲಿ ಈ ಅರ್ಥವಿದ್ದಿತೋ ಇಲ್ಲವೋ, ಶಬ್ದವು ಮಾತ್ರ ಇಲ್ಲಿ ಅನ್ವರ್ಥವಾಗಿದೆ.

ಈ ವ್ಯವಸ್ಥೆಯ ಕಾರ್ಯಗಳನ್ನು ಐದಾಗಿ ವಿಭಾಗಿಸಬಹುದು.

ಮೊದಲನೆಯದು ಕಾಲದ ಹಂಚಿಕೆ. ಯಂತ್ರದ ಸಂಸ್ಕಾರಕವು ಒಂದು ಕ್ಷಣದಲ್ಲಿ ಒಂದೇ ಆದೇಶಸರಣಿಯನ್ನು ನಡೆಸಬಲ್ಲುದು. ಈಚಿನ ಯಂತ್ರಗಳಲ್ಲಿ ಹಲವು ಸಂಸ್ಕಾರಕಗಳಿದ್ದರೂ ಕಾದಿರುವ ಕೆಲಸಗಳು ಅವುಗಳಿಗಿಂತ ಬಹಳ ಹೆಚ್ಚು. ಆದುದರಿಂದ ಯಾವುದಕ್ಕೆ ಮೊದಲು, ಎಷ್ಟು ಹೊತ್ತು, ಯಾವಾಗ ನಿಲ್ಲಿಸಬೇಕು ಎಂಬುದನ್ನು ನಿರ್ಣಯಿಸಬೇಕು. ಎರಡು ಸೂತ್ರಗಳು ಏಕಕಾಲದಲ್ಲಿ ಪ್ರಾಪ್ತವಾದಾಗ ಯಾವುದು ಬಲಿಷ್ಠವೆಂಬುದನ್ನು ಪಾಣಿನಿಯು ಬೇರೊಂದು ಸೂತ್ರದಿಂದಲೇ ನಿಯಮಿಸಿರುವಂತೆ, ಇಲ್ಲಿಯೂ ಬಲಾಬಲದ ನಿಯಮಗಳುಂಟು. ಬಂದ ಕ್ರಮದಲ್ಲಿ ತೆಗೆದುಕೊಳ್ಳುವುದು ಒಂದು; ಸರದಿಯಂತೆ ಸಮಾನ ತುಣುಕುಗಳನ್ನು ಕೊಡುವುದು ಇನ್ನೊಂದು; ಹೆಚ್ಚು ಅವಸರವುಳ್ಳದ್ದಕ್ಕೆ ಮೊದಲ ಸ್ಥಾನವನ್ನೀಯುವುದು ಮತ್ತೊಂದು. ಈ ಕೊನೆಯ ನಿಯಮದಲ್ಲಿ ಒಂದು ದೋಷವುಂಟು: ಬಲಿಷ್ಠರು ಬರುತ್ತಲೇ ಇದ್ದರೆ ದುರ್ಬಲನ ಸರದಿಯು ಎಂದಿಗೂ ಬಾರದು. ಇದಕ್ಕೆ ಪರಿಹಾರವಾಗಿ, ಕಾದಷ್ಟೂ ಬಲವು ಹೆಚ್ಚುವಂತೆ ವ್ಯವಸ್ಥೆಮಾಡುವರು.

ಎರಡನೆಯದು ಸ್ಮೃತಿಯ ಹಂಚಿಕೆ. ಒಳಗಿನ ಸ್ಮೃತಿಯನ್ನು ಪುಟಗಳಾಗಿ, ಸಾಮಾನ್ಯವಾಗಿ ೪,೦೯೬ ಬೈಟುಗಳ ಪುಟಗಳಾಗಿ, ವಿಭಾಗಿಸಿ ಪ್ರತಿಯೊಂದು ಕೆಲಸಕ್ಕೂ ಬೇಕಾದಷ್ಟನ್ನು ಕೊಡುವುದು. ಸ್ಥಳ ಸಾಲದಾದಾಗ ಬಹಳ ಹೊತ್ತು ಮುಟ್ಟದ ಪುಟಗಳನ್ನು ಹೊರಗಿನ ಸಂಗ್ರಹಕ್ಕೆ ಸರಿಸುವುದು. ಬೇಕಾದಾಗ ಮರಳಿ ತರುವುದು. ಒಂದು ಕೆಲಸವು ಇನ್ನೊಂದರ ಪುಟವನ್ನು ನೋಡಲಾರದು. ಅಕ್ಕಪಕ್ಕದ ಹೊಲಗಳ ನಡುವಣ ಬದುವಿನಂತೆ ಈ ಮೇರೆಯು ಕೆಲಸಮಾಡುತ್ತದೆ.

ಮೂರನೆಯದು ಕಡತಗಳ ರಕ್ಷಣೆ. ವಿದ್ಯುತ್ತು ನಿಂತರೂ ಅಳಿಯದ ಸಂಗ್ರಹದಲ್ಲಿ ಇರುವುದು ಕೇವಲ ಅಂಕಗಳ ರಾಶಿ. ಇಂತಿಂತಹ ತಾಣದಿಂದ ಇಂತಿಂತಹ ತಾಣದವರೆಗೆ ಇರುವುದು ಇಂತಹ ಹೆಸರಿನ ಕಡತ ಎಂಬ ವಿಷಯಸೂಚಿಕೆಯನ್ನು ಇಟ್ಟುಕೊಳ್ಳುವುದು ಕಾರ್ಯಾಚರಣ ವ್ಯವಸ್ಥೆಯೇ. ಕಡತವನ್ನು ಅಳಿಸೆಂದು ಆಜ್ಞಾಪಿಸಿದಾಗ ಬಹುಮಟ್ಟಿಗೆ ಅಳಿಯುವುದು ಸೂಚಿಕೆಯಲ್ಲಿನ ಹೆಸರು ಮಾತ್ರ. ಆ ತಾಣದ ಮೇಲೆ ಬೇರೊಂದನ್ನು ಬರೆಯುವ ತನಕ ಹಳೆಯ ಅಂಕಗಳು ಅಲ್ಲಿಯೇ ಉಳಿದಿರಬಹುದು. ಅಳಿಸಿ ಮರಳಿ ಬರೆದ ಓಲೆಯಲ್ಲಿ ಹಳೆಯ ಗೀರುಗಳನ್ನು ಹುಡುಕುವ ಸಂಶೋಧಕರಿಗೆ ಇದು ಆಶ್ಚರ್ಯವಾಗಲಾರದು.

ನಾಲ್ಕನೆಯದು ಉಪಕರಣಗಳ ನಿಯಂತ್ರಣ. ಕೀಲಿಮಣೆ, ತೆರೆ, ಮುದ್ರಣಯಂತ್ರ, ಬೆರಳಚ್ಚಿನ ಉಪಕರಣ, ದೂರದ ಯಂತ್ರಗಳೊಡನೆ ಕೂಡಿಸುವ ಜಾಲ, ಇವು ಒಂದೊಂದೂ ಒಂದೊಂದು ಭಾಷೆಯನ್ನಾಡುತ್ತವೆ. ಅವುಗಳ ನಡುವೆ ದುಭಾಷಿಗಳಾಗಿ ನಿಲ್ಲುವ ಚಿಕ್ಕ ತಂತ್ರಾಂಶಗಳಿಗೆ ಚಾಲಕಗಳೆಂದು ಹೆಸರು. ಉಪಕರಣವು ಗಮನವನ್ನು ಬೇಡಿದಾಗ ಸಂಸ್ಕಾರಕವು ಹಿಡಿದ ಕೆಲಸವನ್ನು ಗುರುತಿಟ್ಟು ನಿಲ್ಲಿಸಿ, ಕೂಗಿದವರಿಗೆ ಉತ್ತರಕೊಟ್ಟು, ಮತ್ತೆ ಬಿಟ್ಟಲ್ಲಿಂದಲೇ ತೊಡಗುತ್ತದೆ.

ಐದನೆಯದು ಅಧಿಕಾರಭೇದ. ಸಾಮಾನ್ಯ ತಂತ್ರಾಂಶಗಳು ಯಾವ ಉಪಕರಣವನ್ನೂ ನೇರವಾಗಿ ಮುಟ್ಟಲಾರವು. ತಿರುಳಿನ ಮುಂದೆ ಬಿನ್ನಹ ಮಾಡಿಕೊಳ್ಳಬೇಕು. ತಿರುಳು ಕೇಳಿದವನ ಅಧಿಕಾರವನ್ನು ಪರೀಕ್ಷಿಸಿ ನಡೆಸಿಕೊಡುತ್ತದೆ ಅಥವಾ ನಿರಾಕರಿಸುತ್ತದೆ. ಯೂನಿಕ್ಸ್ ಸಂಪ್ರದಾಯದಲ್ಲಿ ಕಡತದ ಒಡೆಯ, ಅವನ ಗುಂಪು, ಉಳಿದವರು ಎಂಬ ಮೂವರಿಗೆ ಓದುವುದು, ಬರೆಯುವುದು, ನಡೆಸುವುದು ಎಂಬ ಮೂರು ಅಧಿಕಾರಗಳನ್ನು ಬೇರೆಬೇರೆಯಾಗಿ ಕೊಡಬಹುದು. ದಾನಶಾಸನದ ಕೊನೆಯಲ್ಲಿ ಶಾಪವು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಈ ಒಂಬತ್ತು ಗುರುತುಗಳು ಮಾಡುತ್ತವೆ.

೫. ಒಂದು ಪಹಣಿಯ ಪ್ರಯಾಣ

ಮೇಲಿನ ಐದೂ ಕಾರ್ಯಗಳು ಕೂಡಿ ನಡೆಯುವ ಬಗೆಯನ್ನು ಒಂದು ಉದಾಹರಣೆಯಿಂದ ಕಾಣಬಹುದು. ಹೋಬಳಿಯ ಮಟ್ಟದಲ್ಲಿ ಸರಕಾರದ ಪತ್ರಗಳನ್ನು ಕೊಡುವ ಕೆಲಸವು ೨೦೦೬ರಿಂದ ನೆಮ್ಮದಿ ಕೇಂದ್ರಗಳ ಮೂಲಕ ಮೊದಲಾಗಿ, ೨೦೧೨ರಿಂದ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳೆಂಬ ಹೆಸರಿನಿಂದ ನಡೆದುಬಂದಿದೆ. ಸೊಕ್ಕೆಯಂತಹ ಹೋಬಳಿಯ ನಾಡಕಚೇರಿಗೆ ರೈತನೊಬ್ಬನು ಬಂದು ತನ್ನ ಸರ್ವೆ ನಂಬರನ್ನು ಹೇಳಿ ಪಹಣಿಯನ್ನು ಕೇಳಿದನೆಂದಿಟ್ಟುಕೊಳ್ಳೋಣ. ಸಿಬ್ಬಂದಿಯು ಕೀಲಿಯನ್ನು ಒತ್ತಿದೊಡನೆ ಕೀಲಿಮಣೆಯು ಸಂಸ್ಕಾರಕವನ್ನು ಕೂಗುತ್ತದೆ. ಚಾಲಕವು ಯಾವ ಕೀಲಿಯೆಂದು ತಿಳಿಸುತ್ತದೆ. ವ್ಯವಸ್ಥೆಯು ಅದನ್ನು, ಆ ಕ್ಷಣದಲ್ಲಿ ತೆರೆಯ ಮೇಲೆ ಮುಂದಿರುವ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಬಿನ್ನಹವು ಜಾಲದ ಮೂಲಕ ದೂರದ ದತ್ತಾಂಶಕೇಂದ್ರದ ಯಂತ್ರವನ್ನು ಮುಟ್ಟುತ್ತದೆ. ಅಲ್ಲಿಯೂ ಒಂದು ಕಾರ್ಯಾಚರಣ ವ್ಯವಸ್ಥೆಯುಂಟು. ರಾಜ್ಯದ ಬೇರೆಬೇರೆ ಹೋಬಳಿಗಳಿಂದ ಅದೇ ಕ್ಷಣದಲ್ಲಿ ಬಂದ ನೂರಾರು ಬಿನ್ನಹಗಳಿಗೆ ಅದು ಕಾಲವನ್ನೂ ಸ್ಮೃತಿಯನ್ನೂ ಹಂಚಿಕೊಡುತ್ತದೆ. ಕೇಳಿದವರ ಅಧಿಕಾರವನ್ನು ನೋಡಿ ಕಡತವನ್ನು ತೆರೆಯುತ್ತದೆ. ಉತ್ತರವು ಮರಳಿ ಬಂದಮೇಲೆ ನಾಡಕಚೇರಿಯ ವ್ಯವಸ್ಥೆಯು ಅದನ್ನು ಮುದ್ರಣದ ಸಾಲಿನಲ್ಲಿ ನಿಲ್ಲಿಸಿ, ಮುಂದಿನ ರೈತನ ಕೆಲಸಕ್ಕೆ ಸಿಬ್ಬಂದಿಯನ್ನು ಬಿಟ್ಟುಕೊಡುತ್ತದೆ. ಇಷ್ಟೂ ನಡೆಯುವಾಗ ಎದುರಿಗೆ ಕುಳಿತವರಿಗೆ ಕಾಣುವುದು ಕಾಗದವೊಂದು ಹೊರಬಂದುದು ಮಾತ್ರ.

೬. ಕನ್ನಡ ಲಿಪಿಗೆ ದೊರೆತ ಸ್ಥಾನ

ಯಂತ್ರವು ಅಕ್ಷರವನ್ನು ಅರಿಯದು. ಅಂಕವನ್ನು ಮಾತ್ರ ಅರಿಯುವುದು. ಯಾವ ಅಕ್ಷರಕ್ಕೆ ಯಾವ ಅಂಕವೆಂಬುದು ಮನುಷ್ಯರು ಮಾಡಿಕೊಂಡ ಸಂಕೇತ. ಕಾರ್ಯಾಚರಣ ವ್ಯವಸ್ಥೆಗಳು ಆದಿಯಲ್ಲಿ ರೋಮನ್ ಲಿಪಿಯ ಸಂಕೇತವನ್ನು ಮಾತ್ರ ಬಲ್ಲವಾಗಿದ್ದುವು. ಆದುದರಿಂದ ಕನ್ನಡವನ್ನು ಮೊದಲು ಬರೆದವರು ಒಂದು ಉಪಾಯವನ್ನು ಹೂಡಿದರು. ರೋಮನ್ ಅಕ್ಷರಗಳಿಗೆ ಮೀಸಲಾದ ಅಂಕಗಳ ಮೇಲೆಯೇ ಕನ್ನಡ ಅಕ್ಷರಗಳ ತುಂಡುಗಳನ್ನು, ತಲೆಕಟ್ಟು, ಕೊಂಬು, ಒತ್ತು ಮೊದಲಾದುವನ್ನು, ಚಿತ್ರಿಸಿದ ಅಕ್ಷರಕೋಶಗಳನ್ನು ರಚಿಸಿದರು. ತೆರೆಯ ಮೇಲೆ ಕನ್ನಡವು ಕಾಣಿಸಿತು. ಒಳಗೆ ಮಾತ್ರ ಕನ್ನಡವಿರಲಿಲ್ಲ. ಆ ಅಕ್ಷರಕೋಶವಿಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಮೊತ್ತವು ಎದುರಾಗುತ್ತಿತ್ತು. ಅಕಾರಾದಿಯಾಗಿ ಜೋಡಿಸುವುದಾಗಲಿ, ಹೆಸರನ್ನು ಹುಡುಕುವುದಾಗಲಿ ಸುಲಭವಾಗಿರಲಿಲ್ಲ.

ಹೀಗಿದ್ದರೂ ಆ ಕಾಲದ ಪ್ರಯತ್ನಗಳನ್ನು ಲಘುವಾಗಿ ಎಣಿಸಲಾಗದು. ಕೆ. ಪಿ. ರಾಯರು ರೋಮನ್ ಕೀಲಿಮಣೆಯ ೨೬ ಅಕ್ಷರಸ್ಥಾನಗಳಲ್ಲಿಯೇ ಕನ್ನಡ ವರ್ಣಮಾಲೆಯೆಲ್ಲ ಅಡಗುವಂತೆ ವಿನ್ಯಾಸವನ್ನು ರಚಿಸಿದರು. ಕರ್ನಾಟಕ ಸರಕಾರವು ಅದನ್ನು ಅಂಗೀಕರಿಸಿತು. ಶೇಷಾದ್ರಿವಾಸುಗಳ ‘ಬರಹ’ವೂ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಕನ್ನಡವು ನಿಲ್ಲುವಂತೆ ಮಾಡಿದುವು.

ಎಲ್ಲ ಲಿಪಿಗಳಿಗೂ ಬೇರೆಬೇರೆ ಅಂಕಗಳನ್ನು ಕೊಡುವ ಯೂನಿಕೋಡ್ ಸಂಕೇತವು ೧೯೯೧ರಲ್ಲಿ ಹೊರಟಿತು. ಭಾರತೀಯ ಲಿಪಿಗಳ ವಿಷಯದಲ್ಲಿ ಅದು, ಭಾರತದಲ್ಲಿಯೇ ೧೯೮೮ರಲ್ಲಿ ಸಿದ್ಧವಾಗಿದ್ದ ಇಸ್ಕಿ ಸಂಕೇತವನ್ನು ಅನುಸರಿಸಿತು. ಅದರಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗಿನ ೧೨೮ ಸ್ಥಾನಗಳು ಮೀಸಲಾದುವು. ಆದರೆ ಸಂಕೇತವು ಸಿದ್ಧವಾದ ಮಾತ್ರಕ್ಕೆ ಕನ್ನಡವು ತೆರೆಯ ಮೇಲೆ ಮೂಡಲಿಲ್ಲ. ಒತ್ತಕ್ಷರಗಳನ್ನು ಕೂಡಿಸುವ ವಿದ್ಯೆಯನ್ನು ಕಾರ್ಯಾಚರಣ ವ್ಯವಸ್ಥೆಯು ಕಲಿಯಬೇಕಾಯಿತು. ಮೈಕ್ರೋಸಾಫ್ಟಿನವರು ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡವನ್ನೂ ‘ತುಂಗಾ’ ಎಂಬ ಅಕ್ಷರಕೋಶವನ್ನೂ ಸೇರಿಸಿದರು. ಆಂಡ್ರಾಯ್ಡಿನಲ್ಲಿ ಕನ್ನಡದ ಬೆಂಬಲವು ೨೦೧೨ರಲ್ಲಿ ಬಂದಿತು. ಸಂಕೇತವು ಹುಟ್ಟಿದ ಮೇಲೆ ಹತ್ತು ವರ್ಷ, ಇಪ್ಪತ್ತು ವರ್ಷ ಕನ್ನಡವು ಹೊಸ್ತಿಲಲ್ಲಿ ಕಾದಿತೆಂದರೆ ಅತಿಶಯೋಕ್ತಿಯಲ್ಲ.

ಸೊಕ್ಕೆಯೆಂಬ ಹೆಸರನ್ನೇ ತೆಗೆದುಕೊಂಡು ಇದನ್ನು ಪರೀಕ್ಷಿಸಬಹುದು. ಕಣ್ಣಿಗೆ ಇದು ಎರಡು ಅಕ್ಷರಗಳ ಶಬ್ದ. ಯಂತ್ರದೊಳಗೆ ಆರು ಅಂಕಗಳು: ಸಕಾರ ೩೨೫೬, ಒಕಾರದ ಚಿಹ್ನೆ ೩೨೭೪, ಕಕಾರ ೩೨೨೧, ವಿರಾಮ ೩೨೭೭, ಮತ್ತೆ ಕಕಾರ ೩೨೨೧, ಎಕಾರದ ಚಿಹ್ನೆ ೩೨೭೦. ಇಲ್ಲಿ ವೈಯಾಕರಣರು ಗಮನಿಸತಕ್ಕ ಸಂಗತಿಯೊಂದುಂಟು. ಶಾಸ್ತ್ರದ ಪ್ರಕಾರ ಸ್ವರರಹಿತವಾದ ವ್ಯಂಜನವೇ ಮೂಲ. ಅಕಾರವು ಉಚ್ಚಾರಣೆಗಾಗಿ ಸೇರುವಂತಹುದು. ಯಂತ್ರಸಂಕೇತದಲ್ಲಿಯಾದರೋ ಅಕಾರಸಹಿತವಾದುದೇ ಮೂಲ. ವಿರಾಮಚಿಹ್ನೆಯು ಬಂದು ಆ ಅಕಾರವನ್ನು ಕಳೆಯುತ್ತದೆ. ಸಂಕೇತವು ವ್ಯಾಕರಣವನ್ನಲ್ಲ, ಲೇಖನದ ರೂಢಿಯನ್ನು ಅನುಸರಿಸಿದೆ.

ಎರಡನೆಯ ಸಂಗತಿಯು ವ್ಯವಹಾರಕ್ಕೆ ಹತ್ತಿರವಾದುದು. ಒಕಾರದ ಚಿಹ್ನೆಯನ್ನು ೩೨೭೪ ಎಂಬ ಒಂದೇ ಅಂಕದಿಂದಲೂ ಬರೆಯಬಹುದು. ಎಕಾರದ ಚಿಹ್ನೆ ೩೨೭೦, ಊಕಾರದ ಚಿಹ್ನೆ ೩೨೬೬ ಎಂಬ ಎರಡು ಅಂಕಗಳನ್ನು ಕೂಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೂಪದಲ್ಲಿ ಕಾಣಬೇಕೆಂಬುದು ನಿಯಮ. ಆದರೆ ಅಂಕಗಳನ್ನು ಮಾತ್ರ ಹೋಲಿಸುವ ತಂತ್ರಾಂಶಕ್ಕೆ ಇವು ಎರಡು ಬೇರೆ ಊರುಗಳು. ಹೋಲಿಸುವುದಕ್ಕೆ ಮುಂಚೆ ಎರಡನ್ನೂ ಒಂದೇ ಪ್ರಮಾಣರೂಪಕ್ಕೆ ತರಬೇಕೆಂದು ಯೂನಿಕೋಡಿನಲ್ಲಿ ವಿಧಿಯಿದೆ. ಅದನ್ನು ಮರೆತಲ್ಲಿ ಇದ್ದ ದಾಖಲೆಯೂ ಸಿಗದೆ ಹೋಗುತ್ತದೆ. ಹಸ್ತಪ್ರತಿಗಳಲ್ಲಿ ಪಾಠಾಂತರದಿಂದ ಅರ್ಥವು ಕೆಡುವುದು ಪಂಡಿತರಿಗೆ ತಿಳಿದ ಮಾತು. ಕಣ್ಣಿಗೆ ಕಾಣದ ಪಾಠಾಂತರದಿಂದ ಒಬ್ಬನ ಹೊಲವೇ ಮರೆಯಾಗಬಹುದೆಂಬುದು ಈ ಕಾಲದ ಹೊಸ ಸಂಗತಿ.

೭. ‘ಭೂಮಿ’ಯಲ್ಲಿ ಕಂಡುಬರುವ ಗುಣದೋಷಗಳು

ಕರ್ನಾಟಕದಲ್ಲಿ ಭೂದಾಖಲೆಯನ್ನು ಯಂತ್ರಕ್ಕೆ ತರುವ ಮೊದಲ ಪ್ರಯೋಗವು ೧೯೯೧ರಲ್ಲಿ ಗುಲ್ಬರ್ಗಾ ಜಿಲ್ಲೆಯಲ್ಲಿ ನಡೆಯಿತು. ಅದು ಫಲಿಸಲಿಲ್ಲ. ಅನಂತರ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದೊಡನೆ ನಡೆದ ‘ಭೂಮಿ’ ಯೋಜನೆಯು ೧೭೭ ತಾಲ್ಲೂಕುಗಳ ಸುಮಾರು ೬೭ ಲಕ್ಷ ರೈತರ ೨ ಕೋಟಿ ದಾಖಲೆಗಳನ್ನು ಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ೧೫ ರೂಪಾಯಿಗೆ ಪಹಣಿಯು ದೊರೆಯಲಾರಂಭಿಸಿತು.

ಕಾರ್ಯಾಚರಣ ವ್ಯವಸ್ಥೆಯ ತತ್ತ್ವಗಳನ್ನು ಅರಿತವರಿಗೆ ಈ ಯೋಜನೆಯ ಒಳಗುಟ್ಟು ತಟ್ಟನೆ ಹೊಳೆಯುತ್ತದೆ. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ತೆಗೆದುಕೊಳ್ಳಬೇಕು. ಹಿಂದಿನದನ್ನು ಬಿಟ್ಟು ಮುಂದಿನದಕ್ಕೆ ಹೋಗಲು ಯಂತ್ರವು ಬಿಡದು. ಇದು ಮೇಲೆ ಹೇಳಿದ ಕಾಲದ ಹಂಚಿಕೆಯ ಮೊದಲ ನಿಯಮವೇ. ದಾಖಲೆಯನ್ನು ತಿದ್ದುವ ಅಧಿಕಾರಿಯು ಬೆರಳಚ್ಚನ್ನು ಒತ್ತಿ ತಾನು ಯಾರೆಂಬುದನ್ನು ಸ್ಥಾಪಿಸಬೇಕು. ಆಮೇಲೆ ತಾನಲ್ಲವೆನ್ನಲು ಆಸ್ಪದವಿಲ್ಲ. ಇದು ಅಧಿಕಾರಭೇದದ ನಿಯಮ. ಶಾನುಭೋಗನ ಪುಸ್ತಕದಲ್ಲಿ ಮನುಷ್ಯನ ಇಚ್ಛೆಗೆ ಬಿಟ್ಟಿದ್ದ ಎರಡು ಸ್ಥಾನಗಳನ್ನು, ಸರದಿಯನ್ನೂ ಹೊಣೆಯನ್ನೂ, ಯಂತ್ರದ ನಿಯಮವು ಆಕ್ರಮಿಸಿತು. ‘ಭೂಮಿ’ಯ ಗೌರವವು ಮುಖ್ಯವಾಗಿ ಈ ಎರಡರಿಂದಲೇ ಬಂದಿತೆಂದು ಹೇಳಬಹುದು.

ಆದರೆ ನಿಯಮದ ಕೈಗೆ ಎಟುಕದ ಸ್ಥಾನವೊಂದು ಉಳಿಯಿತು. ಕಾರ್ಯಾಚರಣ ವ್ಯವಸ್ಥೆಯು ಬರೆದವನು ಯಾರು, ಬರೆಯಲು ಅವನಿಗೆ ಅಧಿಕಾರವುಂಟೆ, ಬರೆದುದು ಕೆಡದೆ ಉಳಿದಿದೆಯೆ ಎಂಬುದನ್ನು ನೋಡುತ್ತದೆ. ಬರೆದುದು ಸತ್ಯವೆ ಎಂಬುದನ್ನು ಅದು ನೋಡದು, ನೋಡಲಾರದು. ಕೈಬರಹದ ಪುಸ್ತಕದಿಂದ ಯಂತ್ರಕ್ಕೆ ಏರಿಸುವಾಗ ತಂದೆಯ ಹೆಸರಿನಲ್ಲಿ ಒಂದು ದೀರ್ಘವು ತಪ್ಪಿದ್ದರೆ, ವಿಸ್ತೀರ್ಣದಲ್ಲಿ ಒಂದು ಗುಂಟೆಯು ಬಿಟ್ಟುಹೋಗಿದ್ದರೆ, ಯಂತ್ರವು ಆ ತಪ್ಪನ್ನೇ ಅತ್ಯಂತ ನಿಷ್ಠೆಯಿಂದ ಕಾಯುತ್ತದೆ. ಲಿಪಿಕಾರನ ಸ್ಖಲಿತವು ಮುದ್ರಿತ ಗ್ರಂಥದಲ್ಲಿ ಪ್ರಮಾಣವಾಗಿ ನಿಲ್ಲುವುದು ಹೇಗೋ ಹಾಗೆಯೇ ಇದು. ೨೦೦೭ರಲ್ಲಿ ಸಾಲೊಮನ್ ಬೆಂಜಮಿನ್ ಮೊದಲಾದ ಸಂಶೋಧಕರು ಇನ್ನೊಂದು ಆಕ್ಷೇಪವನ್ನು ಎತ್ತಿದರು. ದಾಖಲೆಗಳು ಒಂದೆಡೆ ಸೇರಿದುದರಿಂದ ಬೆಂಗಳೂರಿನ ಸುತ್ತಣ ದೊಡ್ಡ ಭೂವ್ಯವಹಾರಸ್ಥರಿಗೆ ಅನುಕೂಲವಾಯಿತೆಂದೂ, ಹಳ್ಳಿಯ ಮಟ್ಟದ ವಿವಿಧ ಬಗೆಯ ಹಕ್ಕುಗಳು ಯಂತ್ರದ ಅಂಕಣಗಳಲ್ಲಿ ಹಿಡಿಯದೆ ಹೋದುವೆಂದೂ ಅವರ ವಾದ. ಈ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪದವರೂ ಅದರ ಮೂಲತತ್ತ್ವವನ್ನು ಅಲ್ಲಗಳೆಯಲಾರರು: ಎಲ್ಲರಿಗೂ ತೆರೆದ ಪುಸ್ತಕವನ್ನು ಎಲ್ಲರೂ ಸಮನಾಗಿ ಓದಲು ಬಲ್ಲವರಾಗಿರುವುದಿಲ್ಲ.

೮. ಉಪಸಂಹಾರ

ಕಲ್ಲು, ಕಡತ, ಯಂತ್ರ ಎಂಬ ಮೂರು ಆಶ್ರಯಗಳಲ್ಲಿ ಭೂಮಿಯ ಬರೆಹವು ನಡೆದುಬಂದಿದೆ. ಒಂದೊಂದು ಆಶ್ರಯಕ್ಕೂ ಅದರದೇ ಆದ ಕಾವಲುಗಾರನುಂಟು. ಶಾಪವನ್ನು ನಂಬದವನು ಕಲ್ಲನ್ನು ಕಿತ್ತನು. ಲೋಭಿಯಾದವನು ಕಡತವನ್ನು ತಿದ್ದಿದನು. ಯಂತ್ರದ ಕಾವಲನ್ನು ಮೀರಬೇಕಾದರೆ ಅಧಿಕಾರವುಳ್ಳವನ ಹೆಸರನ್ನೋ ಬೆರಳನ್ನೋ ಪಡೆಯಬೇಕು, ಇಲ್ಲವೆ ಮೊದಲ ಬರೆಹದಲ್ಲಿಯೇ ತಪ್ಪನ್ನು ಸೇರಿಸಬೇಕು. ಈ ಎರಡನೆಯ ದಾರಿಯನ್ನು ಮುಚ್ಚುವ ಬಲವು ಯಾವ ಕಾರ್ಯಾಚರಣ ವ್ಯವಸ್ಥೆಗೂ ಇಲ್ಲ. ಅದನ್ನು ಮುಚ್ಚತಕ್ಕುದು ಮೂಲಪ್ರತಿಯೊಡನೆ ತಾಳೆನೋಡುವ ಕೆಲಸ.

ಆದಕಾರಣ ಹಳೆಯ ಕೈಬರಹದ ಪುಸ್ತಕಗಳು ಮಾನ್ಯತೆಯನ್ನು ಕಳೆದುಕೊಂಡರೂ ಪ್ರಯೋಜನವನ್ನು ಕಳೆದುಕೊಂಡಿಲ್ಲ. ಕಂದಾಯ ಇಲಾಖೆಯು ೨೦೨೪ರಲ್ಲಿ ಆರಂಭಿಸಿದ ‘ಭೂಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳ ಪ್ರತಿಬಿಂಬಗಳನ್ನು ತೆಗೆದಿಡಲಾಗುತ್ತಿದೆ. ಇದು ಶ್ಲಾಘ್ಯವಾದ ಕೆಲಸ. ಆದರೆ ಪ್ರತಿಬಿಂಬದ ಕಡತದಲ್ಲಿರುವುದು ಚಿತ್ರ, ಅಕ್ಷರವಲ್ಲ. ಅದನ್ನು ಯಂತ್ರವು ಕಾಯಬಲ್ಲುದು. ಅದರಲ್ಲಿನ ಮೋಡಿ ಹಿಡಿದ ಶಾನುಭೋಗರ ಬರೆಹವನ್ನು, ಖಂಡುಗ ಕೊಳಗಗಳ ಅಳತೆಯನ್ನು, ಹೊಲಗಳ ಹಳೆಯ ಹೆಸರುಗಳನ್ನು ಓದಿ ಸರಿಯಾದ ಅಂಕಗಳಿಗೆ ತರಲು ಹಳೆಯ ಲಿಪಿಯನ್ನೂ ನಾಡಿನ ನುಡಿಯನ್ನೂ ಬಲ್ಲವರು ಬೇಕು. ಶಾಸನಗಳನ್ನು ಓದಿ, ಹಸ್ತಪ್ರತಿಗಳನ್ನು ತಾಳೆನೋಡಿ ಪಳಗಿದ ವಿದ್ವಾಂಸರೂ, ಅವರಿಂದ ಕಲಿತ ಭಾಷಾಧ್ಯಾಪಕರೂ ಈ ಕೆಲಸಕ್ಕೆ ಸಹಜವಾಗಿ ಅಧಿಕಾರಿಗಳು. ಜಗಳೂರು ತಾಲ್ಲೂಕಿನಂತಹ ಬರದ ಸೀಮೆಯಲ್ಲಿ ಎಕರೆಯೊಂದರ ಹಕ್ಕು ಒಂದು ಮನೆತನದ ಜೀವನವೇ ಆಗಿರುತ್ತದೆ. ಅಲ್ಲಿ ಪಾಠಶೋಧನೆಯೆಂಬುದು ಗ್ರಂಥಭಂಡಾರದ ವಿನೋದವಾಗಿ ಉಳಿಯದೆ, ಜನರ ಹಕ್ಕನ್ನು ಕಾಯುವ ವಿದ್ಯೆಯಾಗುತ್ತದೆ.